ಮಂಡಕ್ಕಿ ಲಾರಿ ಕುಡಿದ ಡೀಸೆಲ್

ಬೆಳಗ್ಗೆ ಗಾಡಿ ಶುರು ಮಾಡಿ, ಸ್ಟೇರಿಂಗ್ ಮುಂದಿನ ದೇವರ ಫೋಟೊಗೆ ಊದಿನಕಡ್ಡಿ ಹಚ್ಚಿ, ಆ ಕಡ್ಡಿ ಪೂರ್ತಿ ಉರಿದು ಬೂದಿಯಾಗುವ ತನಕ ಎಂಜಿನ್ ಆರಿಸದೆ ಕೆಳಗೆ ನಿಂತು ಚಹಾ ಕುಡಿಯುವ ಚಾಲಕರಿಗೆ ಬುದ್ಧಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಉಳಿದರ್ಧ ಮಾಲೀಕರಿಗೆ ಬುದ್ಧಿ ಹೇಳುವುದರಲ್ಲಿ ಕಳೆಯಿತು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಯಾರಾದರೂ ಕೇಳಿದರೆ, ಕಣ್ಣು ಮುಚ್ಚಿಕೊಂಡು ಎರಡನೆಯದು ಎನ್ನುತ್ತೇನೆ.

ನಾನು ಶಿವಾನಂದಪ್ಪ. ದಾವಣಗೆರೆಯಲ್ಲಿ ಅಕ್ಕಿ, ಅವಲಕ್ಕಿ, ಮಂಡಕ್ಕಿಯ ಸಗಟು ವ್ಯಾಪಾರ ಮಾಡುವ ಒಂದು ಸಂಸ್ಥೆಯಲ್ಲಿ ಲಾರಿಗಳ ಮೇಲ್ವಿಚಾರಕನಾಗಿದ್ದೆ. ಈಗ ವಿನೋಬನಗರದ ಮನೆಯಲ್ಲಿ ಕೂತಿದ್ದೇನೆ. ರಸ್ತೆಯಲ್ಲಿ ಯಾವುದಾದರೂ ಗಾಡಿ ಸುಮ್ಮನೆ ನಿಂತು ಗುರುಗುಟ್ಟುತ್ತಿದ್ದರೆ ಇವತ್ತಿಗೂ ಎದ್ದು ಹೋಗಿ ಬೈದು ಬರಬೇಕು ಅನ್ನಿಸುತ್ತದೆ. ಹೆಂಡತಿ ಬಿಡುವುದಿಲ್ಲ, ಅಷ್ಟೇ. ಈಗ ಈ ಕೆಲಸಕ್ಕೆ ಸೇರುವವರಿಗೆ ಫ್ಲೀಟ್ ಎಕ್ಸಿಕ್ಯೂಟಿವ್ ಅನ್ನುವ ಹೆಸರಿದೆ. ಗಾಡಿ ಎಲ್ಲಿದೆ, ಎಷ್ಟು ಜೋರಾಗಿ ಹೋಗುತ್ತಿದೆ, ಎಲ್ಲವೂ ಅವರಿಗೆ ಮೊಬೈಲಿನಲ್ಲೇ ಕಾಣುತ್ತದೆ. ಮೊಬೈಲಿನಲ್ಲಿ ಕಾಣದ್ದೂ ಒಂದಿಷ್ಟು ಇದೆ. ಅದನ್ನು ಹೇಳಿಬಿಡೋಣ ಎಂದು ಕೂತಿದ್ದೇನೆ.

ಊದಿನಕಡ್ಡಿಯ ವಿಷಯಕ್ಕೇ ಬರುತ್ತೇನೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ. ಎಂಜಿನ್ ಆರಿಸಿಕೊಂಡು ಪೂಜೆ ಮಾಡಿರಪ್ಪ ಎಂದಷ್ಟೇ ನಾನು ಹೇಳಿದ್ದು. ಅದಕ್ಕೆ ನಮ್ಮ ಚಾಲಕ ಹನುಮಂತಪ್ಪ, "ಅದೆಂಗಾಗುತ್ತೆ ಸರ? ಗಾಡಿ ಉಸಿರಾಡ್ತಿದ್ರೇನೇ ಪೂಜೆ. ಆರಿಸಿದ್ರೆ ಅದು ಬರೇ ಕಬ್ಬಿಣ" ಅಂದ. ಅವನು ಹರಿಹರ ತಾಲ್ಲೂಕಿನ ಕೊಕ್ಕನೂರಿನವನು. ಮನೆಯವರೆಲ್ಲ ಹೊಲ ಮಾಡುವವರು. ಇವನೊಬ್ಬ ಸ್ಟೇರಿಂಗ್ ಹಿಡಿದಿದ್ದ. ಗಾಡಿಯನ್ನು ಮನೆಯ ಎತ್ತಿನಂತೆ ಒರೆಸಿ, ತೊಳೆದು, ಮೈದಡವಿ ಓಡಿಸುತ್ತಿದ್ದ. ಅಂಥವನ ಜೊತೆ ಈ ಮಾತಿನಲ್ಲಿ ಗೆಲ್ಲುವುದು ಆಗದ ಕೆಲಸ. ಕೊನೆಗೆ ಊದಿನಕಡ್ಡಿ ಮುರಿದು ಗಿಡ್ಡ ಮಾಡಿ ಹಚ್ಚುವ ಒಪ್ಪಂದಕ್ಕೆ ಬಂದೆವು. ನನ್ನ ವೃತ್ತಿಜೀವನದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು ಎಂದರೆ ಉಳಿದವು ಹೇಗಿದ್ದವೆಂದು ನೀವೇ ಊಹಿಸಿಕೊಳ್ಳಿ.

ಇನ್ನೊಂದು ಪಿಡುಗು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಈ ಚಟ ಹಚ್ಚಿದವರು ನಮ್ಮ ಮಾಲೀಕರು, ಅಂದರೆ ಸಾಹುಕಾರರೇ. ಒಂದು ವರ್ಷ ಅವರಿಗೆ ಏನು ಹೊಳೆಯಿತೋ, ಹೆಚ್ಚು ಮೈಲೇಜ್ ತಂದ ಚಾಲಕನಿಗೆ ಹಬ್ಬಕ್ಕೆ ಟಿ.ವಿ. ಕೊಡುತ್ತೇನೆ ಎಂದುಬಿಟ್ಟರು. ಮರುದಿನದಿಂದ ಆನಗೋಡಿನ ಕಡೆ ಹೆದ್ದಾರಿ ಎಲ್ಲೆಲ್ಲಿ ಇಳಿಯುತ್ತದೋ ಅಲ್ಲೆಲ್ಲ ನಮ್ಮ ಲಾರಿಗಳು ಗೇರಿಲ್ಲದೆ ತೇಲಿಕೊಂಡು ಬರತೊಡಗಿದವು. ಹೊಸ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇಳಿದು, ಕಾಲನ್ನು ಎಕ್ಸಿಲೇಟರ್ ಮೇಲಿಂದ ತೆಗೆದರೆ ಡೀಸೆಲ್ ತಾನೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರಿಹೋಗದಂತೆ ಡೀಸೆಲ್ ಕುಡಿಯುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಗಾಡಿ ಹಿಡಿತದಲ್ಲೂ ಇರುವುದಿಲ್ಲ. ಇದನ್ನು ಬಾಯಿ ನೋಯುವವರೆಗೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಚಾಲಕ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಸುಟ್ಟ ವಾಸನೆ ಬರಿಸಿ, ಲಾರಿಯನ್ನು ರಸ್ತೆಬದಿಯ ಮೆಕ್ಕೆಜೋಳದ ಹೊಲಕ್ಕೆ ಇಳಿಸಿದ ಮೇಲೆ ಟಿ.ವಿ. ಮಾತು ನಿಂತಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಸಾಹುಕಾರರು ಮಾತ್ರ, "ನಾನೆಲ್ಲಿ ನ್ಯೂಟ್ರಲ್ ಮಾಡ್ರಿ ಅಂದಿದ್ದೆ?" ಎಂದು ನನ್ನ ಮೇಲೇ ಕಣ್ಣು ಬಿಟ್ಟರು.

ಗಾಡಿ ತಯಾರಿಸುವ ಕಂಪನಿಯಿಂದ ಒಬ್ಬ ಎಂಜಿನಿಯರ್ ಒಮ್ಮೆ ಡೀಸೆಲ್ ಉಳಿತಾಯದ ಪಾಠ ಹೇಳಲು ಬಂದಿದ್ದರು. ಪರದೆ ಕಟ್ಟಿ ಚಿತ್ರ ತೋರಿಸಿದರು. ಒಳ್ಳೆಯ ಮಾತನ್ನೇ ಹೇಳಿದರು. ಟೈರಿನ ಗಾಳಿಯನ್ನು ಮೀಟರ್ ಹಚ್ಚಿ ನೋಡಿ, ರಾಡಿನಿಂದ ಕುಟ್ಟಿ ಸದ್ದು ಕೇಳಿ ತೀರ್ಮಾನಿಸಬೇಡಿ. ಮುಂದೆ ಸಿಗ್ನಲ್ ಕೆಂಪಾಗಿದ್ದು ಕಂಡರೆ ದೂರದಿಂದಲೇ ಕಾಲು ಸಡಿಲಿಸಿ. ವೇಗ ಹೆಚ್ಚಿದಷ್ಟೂ ಡೀಸೆಲ್ ಲೋಡು ಎಳೆಯುವುದಕ್ಕಿಂತ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಚಾಲಕರು ಹಿಂದಿನ ಸಾಲಿನಲ್ಲಿ ಕೂತು ಮಿರ್ಚಿ ಬಜ್ಜಿ ತಿಂದು ಎದ್ದು ಹೋದರು. ಸಾಹುಕಾರರು ಮುಂದಿನ ಸಾಲಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಗಾಳಿಯ ಮಾತು ಕೇಳಿಸಿಕೊಂಡವನು ನಾನೊಬ್ಬನೇ ಇರಬೇಕು.

ಇನ್ನು ಮಂಡಕ್ಕಿ ಲಾರಿಯ ವಿಷಯ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮಂಡಕ್ಕಿ ಎಷ್ಟು ಹಗುರವೆಂದು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಆಳೆತ್ತರದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯುತ್ತಾರೆ. ಲಾರಿ ತುಂಬಿದರೂ ಸ್ಪ್ರಿಂಗು ಬಗ್ಗುವುದಿಲ್ಲ. ಹಾಗಾಗಿ ವ್ಯಾಪಾರದವರಿಗೆ ಕಾಣುವುದು ಜಾಗ ಒಂದೇ. ನಮ್ಮ ಸಾಹುಕಾರರು ಒಂದು ಲಾರಿಯ ಬಾಡಿಯ ಮೇಲೆ ಕಬ್ಬಿಣದ ಫ್ರೇಮ್ ಕಟ್ಟಿಸಿ, ಚೀಲಗಳನ್ನು ಕ್ಯಾಬಿನ್ನಿಗಿಂತ ಬಹಳ ಎತ್ತರಕ್ಕೆ ಪೇರಿಸಲು ಶುರು ಮಾಡಿದರು. ಮೇಲೊಂದು ತಾಡಪಾಲು ಹೊದಿಸಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿದರೆ ಮುಗಿಯಿತು. ಆ ಲಾರಿ ಹರಿಹರದ ಮೇಲೆ ಹುಬ್ಬಳ್ಳಿಗೆ ಹೋಗುತ್ತಿತ್ತು. ಚಾಲಕ ಹನುಮಂತಪ್ಪ. ಮಂಡಕ್ಕಿ ಮೆತ್ತಗಾಗುವ ಮೊದಲು ಊರು ಮುಟ್ಟಬೇಕೆಂದು ಸಾಹುಕಾರರು ದಾರಿಯುದ್ದಕ್ಕೂ ಫೋನು ಮಾಡುತ್ತಿದ್ದರು. "ಎಲ್ಲಿದ್ದೀಯೋ? ಇನ್ನೂ ಅಲ್ಲೇ ಇದ್ದೀಯಾ? ಜಲ್ದಿ ಹೊಡಿ!" ಅವನು ಹೊಡೆಯುತ್ತಿದ್ದ.

ಕೆಲವು ತಿಂಗಳಲ್ಲಿ ಆ ಲಾರಿ ಹುಬ್ಬಳ್ಳಿಗೇ ಹೋಗುವ ಅಕ್ಕಿ ಲಾರಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತಿದೆ ಎನ್ನುವುದು ಸಾಹುಕಾರರ ಗಮನಕ್ಕೆ ಬಂತು. ಎರಡೂ ಒಂದೇ ಕಂಪನಿಯ, ಒಂದೇ ಮಾದರಿಯ ಲಾರಿಗಳು. ಒಂದರಲ್ಲಿ ಟನ್ನುಗಟ್ಟಲೆ ಅಕ್ಕಿ, ಇನ್ನೊಂದರಲ್ಲಿ ಊದಿದರೆ ಹಾರುವ ಮಂಡಕ್ಕಿ. ಸಾಹುಕಾರರು ಯಾರನ್ನೂ ಕೇಳಲಿಲ್ಲ. ಲಾರಿಗಳಿಗೆ ಲೋಡು ಮಾಡುವ ಅಂಗಳಕ್ಕೆ ಸೀದಾ ಬಂದು, ಹಮಾಲರು, ಚಾಲಕರು ಎಲ್ಲರೂ ಇರುವಾಗ ಹನುಮಂತಪ್ಪನ ಮುಂದೆ ನಿಂತರು.

"ಏನಲೇ, ಮಂಡಕ್ಕಿ ಒಯ್ಯಾಕೆ ಅಕ್ಕಿಗಿಂತ ಜಾಸ್ತಿ ಡೀಸೆಲ್ ಬೇಕಾ? ಯಾವ ಢಾಬಾದಾಗೆ ಮಾರ್ತೀಯ, ಹೇಳು."

ಹನುಮಂತಪ್ಪನ ಮುಖ ಕಪ್ಪಿಟ್ಟಿತು. "ಸಾವ್ಕಾರ್ರೆ, ನಾನು ಮಾರಿಲ್ರಿ" ಎಂದಷ್ಟೇ ಅಂದ. ಅವನಿಗೆ ಜಗಳ ಬರುವುದಿಲ್ಲ. ಗಾಡಿಯ ಬಗ್ಗೆ ಮಾತ್ರ ಬಾಯಿ ಬರುತ್ತದೆ, ತನ್ನ ಬಗ್ಗೆ ಬರುವುದಿಲ್ಲ.

ಡೀಸೆಲ್ ಕಳ್ಳ ಎನ್ನುವುದು ಚಾಲಕರ ಲೋಕದಲ್ಲಿ ಎಂಥ ಮಾತು ಎನ್ನುವುದು ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಗೊತ್ತಿರಲಿ. ಕಳ್ಳತನ ಮಾಡುವವರು ಇಲ್ಲವೆಂದಲ್ಲ, ಇದ್ದಾರೆ. ನಾನೇ ಕೆಲವರನ್ನು ಹಿಡಿದು ಕಳಿಸಿದ್ದೇನೆ. ಆದರೆ ಒಮ್ಮೆ ಆ ಹೆಸರು ಅಂಟಿತೆಂದರೆ ಹರಿಹರ, ರಾಣೆಬೆನ್ನೂರು, ಹುಬ್ಬಳ್ಳಿ ತನಕ ಯಾವ ಚಹಾದಂಗಡಿಯ ಮುಂದೆ ಲಾರಿ ನಿಲ್ಲಿಸಿದರೂ ಅದು ಅವನಿಗಿಂತ ಮೊದಲೇ ಅಲ್ಲಿ ಮುಟ್ಟಿರುತ್ತದೆ. ಬೇರೆ ಮಾಲೀಕರು ಕೆಲಸ ಕೊಡುವುದಿಲ್ಲ. ಹನುಮಂತಪ್ಪನಿಗೆ ಉಳಿದಿದ್ದ ಆಸ್ತಿ ಎಂದರೆ ಅವನ ಹೆಸರೊಂದೇ. ಸಾಹುಕಾರರು ಅದನ್ನು ಒಂದು ಬೆಳಗ್ಗೆ, ಹಲ್ಲುಜ್ಜಿದಷ್ಟು ಸಲೀಸಾಗಿ ಕಳೆದರು.

ನಾನು ಅವರ ಕೋಣೆಗೆ ಹೋಗಿ, "ಕೆಲಸದಿಂದ ತೆಗೀಬ್ಯಾಡ್ರಿ, ನಂಗೊಂದಿಷ್ಟು ಟೈಮ್ ಕೊಡ್ರಿ, ನೋಡ್ತೀನಿ" ಅಂದೆ.

"ನೋಡೋದೇನೈತ್ರಿ ಶಿವಾನಂದಪ್ಪ? ಹಗುರ ಲೋಡಿಗೆ ಜಾಸ್ತಿ ಡೀಸೆಲ್! ಸಣ್ಣ ಹುಡುಗ್ರಿಗೂ ತಿಳೀತೈತೆ."

"ಒಂದೆರಡು ಟ್ರಿಪ್ ಬಿಡ್ರಿ."

ಒಲ್ಲದ ಮನಸ್ಸಿನಿಂದ ಹೂಂ ಅಂದರು.

ಮರುದಿನ ನಾನೇ ಲಾರಿ ಹತ್ತಿ ಹನುಮಂತಪ್ಪನ ಪಕ್ಕದಲ್ಲಿ ಕೂತೆ. ಹರಿಹರ ದಾಟಿದೆವು. ಹೆದ್ದಾರಿ ಅಗಲವಾಗಿ ಬಿಚ್ಚಿಕೊಂಡಂತೆ ವೇಗ ಹೆಚ್ಚಿಸಿದ. ಆಗ ತಲೆಯ ಮೇಲೆ ಪಟಪಟ, ಪಟಪಟ ಎನ್ನುವ ಸದ್ದು ಶುರುವಾಯಿತು. ಏನದು ಎಂದು ಕೇಳಿದೆ. "ತಾಡಪಾಲು ಸರ, ಗಾಳಿಗೆ ಬಡ್ಕಂತೈತೆ. ದಿನಾ ಹಂಗೇ" ಅಂದ. ಎಕ್ಸಿಲೇಟರ್ ಪೂರ್ತಿ ತುಳಿದಿದ್ದ. ಆದರೂ ಗಾಡಿ ಯಾರೋ ಹಿಂದಿನಿಂದ ಜಗ್ಗುತ್ತಿರುವಂತೆ ತಿಣುಕುತ್ತಿತ್ತು. ರಸ್ತೆ ಮಟ್ಟಸವಾಗಿತ್ತು, ಲೋಡು ಹಗುರವಾಗಿತ್ತು, ಟೈರಿನ ಗಾಳಿ ಸರಿಯಿತ್ತು. ಒಂದು ಕಡೆ ನಿಲ್ಲಿಸಲು ಹೇಳಿ, ಇಳಿದು ದೂರ ಹೋಗಿ ನೋಡಿದೆ. ಕ್ಯಾಬಿನ್ನಿನ ಮೇಲೆ ಒಂದು ಗೋಡೆಯೇ ಎದ್ದು ನಿಂತಿತ್ತು. ಎದುರುಗಾಳಿಯಲ್ಲಿ ಕೊಡೆ ಬಿಚ್ಚಿಕೊಂಡು ಸೈಕಲ್ ತುಳಿದವರಿಗೆ ಗೊತ್ತು ಆ ಕಷ್ಟ. ಎಂಜಿನಿಯರ್ ಹೇಳಿದ್ದ ಗಾಳಿಯ ಮಾತು ನೆನಪಾಯಿತು. ಮಂಡಕ್ಕಿ ಹಗುರವೇ, ಆದರೆ ಅದನ್ನು ಪೇರಿಸಿದ ಎತ್ತರ ಹಗುರವಲ್ಲ. ಡೀಸೆಲ್ಲನ್ನು ಕುಡಿಯುತ್ತಿದ್ದುದು ಸಾಹುಕಾರರ ಫ್ರೇಮು ಮತ್ತು ಅವರ ಫೋನು.

"ಹನುಮಂತಪ್ಪ, ಕಳ್ಳ ಸಿಕ್ಕ" ಅಂದೆ. ಅವನಿಗೆ ನಗು ಬರಲಿಲ್ಲ.

ಮುಂದಿನ ಟ್ರಿಪ್ಪಿಗೆ ಮೇಲಿನ ಸಾಲುಗಳನ್ನು ತೆಗೆಸಿದೆ. ಮುಂಭಾಗದ ಚೀಲಗಳನ್ನು ಇಳಿಜಾರಾಗಿ ಜೋಡಿಸಿ, ತಾಡಪಾಲನ್ನು ಎಳೆದು ಬಿಗಿದು, ಮೇಲೆ ಬಲೆ ಹಾಕಿ ಕಟ್ಟಿಸಿದೆ. ಹೋಗುವಾಗ ಒಂದೇ ಹದವಾದ ವೇಗ, ಸಾಹುಕಾರರ ಫೋನು ಬಂದರೆ ನನಗೆ ಕೊಡು ಎಂದೆ. ಟ್ಯಾಂಕ್ ಕಂಠದವರೆಗೆ ತುಂಬಿಸಿ ಹೊರಟೆವು, ವಾಪಸ್ ಬಂದು ಮತ್ತೆ ಕಂಠದವರೆಗೆ ತುಂಬಿಸಿದೆವು. ಬಂಕಿನ ಮೀಟರ್ ನಿಂತ ಜಾಗ ನೋಡಿ ನನಗೆ ಕುಣಿಯುವಂತಾಯಿತು. ಡೀಸೆಲ್ ಕಣ್ಣಿಗೆ ಕಾಣುವಷ್ಟು ಉಳಿದಿತ್ತು.

ಓಡಿಹೋಗಿ ಸಾಹುಕಾರರಿಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೀಸೆಯಡಿಯಲ್ಲಿ ನಕ್ಕರು.

"ನೋಡಿದ್ರಾ? ಬೀಗ ಹಾಕಿದ ಮ್ಯಾಲೆ ಹೆಂಗ್ ಉಳೀತು!"

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾವು ಹೊರಡುವ ದಿನ ಬೆಳಗ್ಗೆ ನಾನು ಚೀಲ ಜೋಡಿಸುವುದರಲ್ಲಿ ಮುಳುಗಿದ್ದಾಗ, ಇವರು ವೆಲ್ಡಿಂಗಿನವನನ್ನು ಕರೆಸಿ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಹಚ್ಚಿಸಿ, ಕೈಗಾತ್ರದ ಬೀಗ ಜಡಿಸಿದ್ದರು. ಪಂಪು ಹಾಕಿ ಎಳೆಯಲೂ ಬಾರದಂತೆ ಒಳಗೆ ಜಾಲರಿ ಬೇರೆ. ಬೀಗದ ಎರಡೂ ಕೀಲಿಗಳು ಅವರ ಬಳಿಯೇ. ಬಂಕಿನಲ್ಲಿ ತುಂಬಿಸುವಾಗ ಅವರೇ ಬೈಕಿನಲ್ಲಿ ಬಂದು ಬೀಗ ತೆಗೆದಿದ್ದರು. ಮೇಲ್ವಿಚಾರಣೆಗೆ ಬಂದಿದ್ದಾರೆ ಎಂದುಕೊಂಡು ನಾನು ಮೀಟರ್ ನೋಡುತ್ತಾ ನಿಂತಿದ್ದೆ! ಇಡೀ ಸಂಸ್ಥೆಯಲ್ಲಿ ಬೀಗ ಇದ್ದದ್ದು ಆ ಒಂದು ಲಾರಿಗೆ ಮಾತ್ರ. ಹನುಮಂತಪ್ಪ ಅದನ್ನು ಮೊದಲೇ ನೋಡಿದ್ದ. ನನಗೆ ಹೇಳಿರಲಿಲ್ಲ.

"ಸಾವ್ಕಾರ್ರೆ, ಉಳಿದಿದ್ದು ಬೀಗದಿಂದಲ್ಲ. ಲೋಡಿನ ಎತ್ತರ ಇಳಿಸಿದ್ದಕ್ಕೆ, ವೇಗ ಕಡಿಮೆ ಮಾಡಿದ್ದಕ್ಕೆ" ಎಂದು ಗಾಳಿಯ ವಿಷಯವನ್ನೆಲ್ಲ ಹೇಳಿದೆ.

"ಗಾಳಿ ಡೀಸೆಲ್ ಕುಡೀತೈತಾ? ಏನ್ರಿ ನೀವು, ಅವನ ಪರ ವಕೀಲಿಕೆ ಹಚ್ಚೀರಿ. ಇನ್ಮ್ಯಾಗೆ ಲೋಡು ಮೊದ್ಲಿನಂಗೇ ಹಾಕ್ಸಿ. ಬೀಗ ಐತಲ್ಲ, ಇನ್ನೇನು ಚಿಂತಿ?"

ತಲೆ ತೆಗೆದುಕೊಂಡು ಹೋಗಿ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಒಬ್ಬ ಮನುಷ್ಯನ ಮಾನ ಉಳಿಸಲು ನಾನು ಪಟ್ಟ ಪಾಡೆಲ್ಲ ಅವನು ಕಳ್ಳನೆನ್ನುವುದಕ್ಕೆ ಸಾಕ್ಷಿಯಾಗಿ ಕೂತಿತ್ತು. ನಾನು ಸುಮ್ಮನಿದ್ದಿದ್ದರೇ ಅವನಿಗೆ ಒಳ್ಳೆಯದಾಗುತ್ತಿತ್ತೇನೋ. ಸಿಟ್ಟಿನಲ್ಲಿ ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದೆ. ಅವಳು, "ಅವ್ರು ಹೇಳಿದಂಗೆ ಮಾಡಿ ತೋರ್ಸ್ರಿ. ಬೀಗಾನೇ ಡೀಸೆಲ್ ಉಳಿಸೋದಾದ್ರೆ ಈ ಸಲಾನೂ ಉಳೀಬೇಕಲ್ಲ" ಅಂದಳು. ಇಷ್ಟು ಸರಳವಾದದ್ದು ಸಿಟ್ಟಿನಲ್ಲಿ ನನಗೆ ಹೊಳೆದಿರಲಿಲ್ಲ.

ಮರುದಿನ ನಾನೇ ಮುಂದೆ ನಿಂತು ಚೀಲಗಳನ್ನು ಮೊದಲಿನ ಎತ್ತರಕ್ಕೆ ಪೇರಿಸಿದೆ. ತಾಡಪಾಲು ಸಡಿಲ, ನಾಲ್ಕು ಮೂಲೆಗೆ ಹಗ್ಗ. ಹನುಮಂತಪ್ಪ ನನ್ನನ್ನೇ ನೋಡುತ್ತಿದ್ದ.

"ಸಾವ್ಕಾರ್ರು ಫೋನ್ ಮಾಡಿ ಜಲ್ದಿ ಅಂದ್ರೆ ಏನ್ ಮಾಡ್ಲಿ ಸರ?"

"ಅವರು ಹೇಳಿದಂಗೇ ಹೋಗು. ಸ್ಪೀಡಿನ ಮಿತಿ ಮಾತ್ರ ದಾಟಬ್ಯಾಡ."

ಲಾರಿ ಹುಬ್ಬಳ್ಳಿಗೆ ಹೋಗಿ ಬಂತು. ಬಂಕಿನಲ್ಲಿ ಸಾಹುಕಾರರು ಬೀಗ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ತಮ್ಮ ಜೇಬಿನ ಕೀಲಿಯಿಂದ ತೆಗೆದರು. ಡೀಸೆಲ್ ತುಂಬತೊಡಗಿತು. ಹಿಂದಿನ ಸಲ ನಿಂತ ಅಂಕಿ ದಾಟಿತು. ಮತ್ತೂ ದಾಟಿತು. ಬಂಕಿನ ಹುಡುಗಿ ಪೈಪ್ ಹಿಡಿದು ನಿಂತೇ ಇದ್ದಳು. ಸಾಹುಕಾರರು ಬಗ್ಗಿ ಲಾರಿಯ ಅಡಿ ನೋಡಿದರು, ಎಲ್ಲಿಯಾದರೂ ಸೋರುತ್ತಿದೆಯೇ ಎಂದು. ನೆಲ ಒಣಗಿತ್ತು. ಬೀಗ ಹಾಕುವ ಮೊದಲಿನಷ್ಟೇ ಡೀಸೆಲ್ ಕುಡಿದು ಟ್ಯಾಂಕ್ ತುಂಬಿತು.

"ಕಳ್ಳಕೀಲಿ ಮಾಡ್ಸಿರಬೇಕು" ಅಂದರು.

ನನ್ನ ಪಿತ್ತ ನೆತ್ತಿಗೇರಿತು. ಅಷ್ಟು ವರ್ಷ ಅವರ ಕೈಕೆಳಗೆ ದುಡಿದು ಒಮ್ಮೆಯೂ ದನಿ ಏರಿಸದವನು ಅವತ್ತು ಏರಿಸಿದೆ. "ಹೋದ ಸಲ ಯಾಕ ಕದೀಲಿಲ್ಲ ಹಂಗಾರೆ? ಅವಾಗ್ಲೂ ಇದೇ ಬೀಗ ಇತ್ತು. ಬೀಗ ಬದಲಾಗಿಲ್ಲ, ಡ್ರೈವರ್ ಬದಲಾಗಿಲ್ಲ, ದಾರಿ ಬದಲಾಗಿಲ್ಲ. ಬದಲಾಗಿದ್ದು ನೀವು ಹೇರ್ಸಿದ್ದ ಎತ್ತರ, ನೀವು ಹೇಳಿದ ವೇಗ. ಎರಡೂ ಕೀಲಿ ನಿಮ್ಮ ಹತ್ರಾನೇ ಅದಾವೆ. ಈಗ ಯಾರನ್ನ ಹಿಡಿಯಾಣ್ರಿ?"

ಅವರು ಕೀಲಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. "ಗಾಳಿ ಇಷ್ಟು ಕುಡೀತೈತಾ?" ಎಂದು ಕೇಳಿದರು. ದನಿ ಇಳಿದಿತ್ತು. ಹೂಂ ಅಂದೆ.

ಮರುದಿನ ಅವರು ಹನುಮಂತಪ್ಪನನ್ನು ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಹೇಳುತ್ತೇನೆ ಅಂದರು. ನಾನು ಒಪ್ಪಲಿಲ್ಲ. "ಕಳ್ಳ ಅಂದಿದ್ದು ಅಂಗಳದಾಗೆ. ಅಲ್ಲ ಅನ್ನೋದೂ ಅಂಗಳದಾಗೇ ಆಗ್ಲಿ" ಅಂದೆ. ಬಹಳ ಗೊಣಗಿದರು. ಆದರೂ ಬಂದರು, ಅಷ್ಟರಮಟ್ಟಿಗೆ ಅವರನ್ನು ಮೆಚ್ಚಬೇಕು. ಹಮಾಲರು ಚೀಲ ಕೆಳಗಿಳಿಸಿ ನಿಂತರು. ಸಾಹುಕಾರರು ತಾವೇ ಕೂತು ಬೀಗ ತೆಗೆದು, ಯಾರ ಮುಖವನ್ನೂ ನೋಡದೆ, "ಹನುಮಂತಪ್ಪ ಡೀಸೆಲ್ ಕದ್ದಿಲ್ಲ. ತಪ್ಪು ನಮ್ದು. ಇನ್ಮ್ಯಾಗೆ ಯಾರೂ ಹಂಗ್ ಅನ್ನಬಾರ್ದು" ಅಂದರು. ಅಕ್ಕಿ ಲಾರಿಯ ಚಾಲಕ ಬಂದು ಹನುಮಂತಪ್ಪನ ಹೆಗಲ ಮೇಲೆ ಕೈ ಹಾಕಿದ. ಅಂಗಳದಲ್ಲಿ ಕಳ್ಳ ಅನ್ನಿಸಿಕೊಂಡ ದಿನದಿಂದ ಅವನ ಜೊತೆ ಯಾರೂ ಚಹಾ ಕುಡಿದಿರಲಿಲ್ಲ. ಅವತ್ತು ಎಲ್ಲರೂ ಕುಡಿದರು. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಫ್ರೇಮನ್ನು ಅರ್ಧಕ್ಕೆ ಕತ್ತರಿಸಿದೆವು. ಕ್ಯಾಬಿನ್ ಮೇಲೆ ಗಾಳಿ ಜಾರಿಹೋಗುವಂತೆ ಇಳಿಜಾರು ತಗಡು ಹಾಕಿಸಿದೆವು. ಸಾಹುಕಾರರ ಫೋನುಗಳೂ ಕಡಿಮೆಯಾದವು. ಹೊಸಬರಿಗೆ ಹೇಳಬೇಕಾದ ಪಾಠವೆಲ್ಲ ಇಷ್ಟರಲ್ಲೇ ಇದೆ. ಲೋಡಿನ ತೂಕದ ಜೊತೆ ಎತ್ತರ ನೋಡಿ, ಚಾಲಕನ ಕಾಲಿನ ಜೊತೆ ಅವನಿಗೆ ಬರುವ ಫೋನು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷೆ ಮಾಡಿ. ಇಲ್ಲವಾದರೆ ನೀವು ಬೆವರು ಸುರಿಸಿ ಗಳಿಸಿದ ಹೆಸರನ್ನು ಯಾವುದೋ ಬೀಗ ಹೊಡೆದುಕೊಂಡು ಹೋಗುತ್ತದೆ.

ಅದೇ ವಾರದ ಕೊನೆಯಲ್ಲಿ ಹನುಮಂತಪ್ಪ ಲಾರಿಯನ್ನು ತೊಳೆದು, ಒರೆಸಿ, ಅಂಗಳದಲ್ಲಿ ನಿಲ್ಲಿಸಿ ನನ್ನ ಬಳಿ ಬಂದ. ಗಾಡಿಯ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿನ ಮೇಲಿಟ್ಟ.

"ಬಿಡ್ತೀನ್ರಿ ಸರ. ಹರಿಹರದಾಗೆ ಒಂದು ಸ್ಕೂಲ್ ಬಸ್ಸಿಗೆ ಕರ್ದಾರೆ."

ನನಗೆ ಸಿಟ್ಟೇ ಬಂತು. "ಎಲ್ಲಾ ಸರಿ ಆದ ಮ್ಯಾಲೆ ಬಿಡ್ತೀಯಾ? ಅಷ್ಟು ಅನ್ನಿಸ್ಕಂಡು ಇದ್ದವನು, ಈಗ್ಯಾಕ?"

"ಅವಾಗ ಬಿಟ್ಟಿದ್ರೆ ಕಳ್ಳ ಓಡಿಹೋದ ಅಂತಿದ್ರು ಸರ" ಅಂದ. "ಈಗ ಹೋಗಬೋದು."

 ಅವನು ಕೈಮುಗಿದು, ಗೇಟು ದಾಟಿ, ಹರಿಹರದ ಬಸ್ಸು ನಿಲ್ಲುವ ಕಡೆ ನಡೆದುಹೋದ. ಕೀಲಿ ಹಿಡಿದುಕೊಂಡು ಸಾಹುಕಾರರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ನಿಜವಾಗಿಯೂ ಬೆರಗಾಗಿ ನನ್ನ ಮುಖ ನೋಡಿದರು.

"ಯಾಕಂತೆ? ಬೀಗ ತೆಗ್ದೀವಲ್ರಿ!"